ಬಿಸಿಲಿಗೆ ಮಗುಚಿಟ್ಟ ಅಣಬೆ

ಮಾರ್ಚ್ ೯, ಭಾನುವಾರ

ಪ್ರೀತಿಯ ಅಕ್ಕನಿಗೆ ನಮಸ್ಕಾರ.

ನಿನ್ನ ಎರಡು ಕಾಗದಕ್ಕೂ ಉತ್ತರ ಬರೆಯದೆ ಕುಳಿತೆ. ಬೈಯುವುದಿದ್ದರೆ ಇದನ್ನು ಪೂರ್ತಿ ಓದಿ ಆಮೇಲೆ ಬೈ. ಭಾವ, ಮಕ್ಕಳು ಚೆನ್ನಾಗಿದ್ದಾರೆಂದು ನಂಬಿದ್ದೇನೆ.

ನಾನು ಕೆಲಸ ಮಾಡುವ ಅಣಬೆ ಶೆಡ್ಡು ನಿನಗೆ ಗೊತ್ತಲ್ಲ. ಕಿಟಕಿಯಿಲ್ಲ, ಸಾಲಾಗಿ ತೂಗುಬಿಟ್ಟ ಚೀಲಗಳಿಗೆ ದಿನವಿಡೀ ನೀರು ಚಿಮುಕಿಸುವುದು, ಕೊಯ್ಯುವುದು. ಹೋಗುವಾಗಲೂ ಕತ್ತಲೆ, ಬರುವಾಗಲೂ ಕತ್ತಲೆ. ಈ ಸಲ ಯಾಕೋ ಮನಸ್ಸಿಗೇ ಮಂಕು ಕವಿಯಿತು. ಊಟ ಬೇಡ, ಮಾತು ಬೇಡ, ತಲೆ ಬಾಚುವುದೂ ಬೇಡ. ನಾನು ಮಾತು ಬಿಟ್ಟದ್ದು ನೋಡಿ ಹೆದರಿದ ಇವರು ಡಾಕ್ಟರಮ್ಮನ ಹತ್ತಿರ ಕರೆದೊಯ್ದರು. ರಕ್ತ ಪರೀಕ್ಷೆ ಮಾಡಿಸಿದ ಆಕೆ, "ನಿಮಗೆ ವಿಟಮಿನ್ ಡಿ ತೀರಾ ಕಡಿಮೆ ಇದೆ" ಎಂದರು.

"ಹಾಗಾದ್ರೆ ಬೇಜಾರಿಗೂ ಅದೇ ಕಾರಣನಾ?" ಎಂದೆ.

"ಇರಬಹುದು, ಇಲ್ಲದೇನೂ ಇರಬಹುದು. ಖಿನ್ನತೆ ಇರೋರಲ್ಲಿ ಎಷ್ಟೋ ಸಲ ಡಿ ಕಡಿಮೆ ಇರುತ್ತೆ. ಆದ್ರೆ ಮನಸ್ಸು ಕುಗ್ಗಿದೋರು ಮನೆಯಿಂದ ಆಚೆನೇ ಬರಲ್ಲ, ಬಿಸಿಲೂ ಬೀಳಲ್ಲ. ಯಾವುದರಿಂದ ಯಾವುದು ಅಂತ ಇನ್ನೂ ಹುಡುಕ್ತಾನೇ ಇದ್ದಾರೆ."

ಬೀಜ ಮೊದಲೋ, ಮರ ಮೊದಲೋ. ಎಷ್ಟೋ ದಿನಗಳ ಮೇಲೆ ನನಗೆ ಏನನ್ನಾದರೂ ತಿಳಿದುಕೊಳ್ಳಬೇಕು ಅನ್ನಿಸಿದ್ದು ಅವತ್ತೇ. ಮಾತ್ರೆ ಶುರುವಾಯಿತು. ಶೆಡ್ಡಿನ ಮೇಸ್ತ್ರಿಗೆ ಹೇಳಿದರೆ ಆತ ನಕ್ಕ. "ಅಣಬೆ ಕಥೆನೂ ಅಷ್ಟೇ ಕಣಮ್ಮ. ಕತ್ತಲಲ್ಲಿ ಬೆಳೆದದ್ದರಲ್ಲಿ ಡಿ ಇಲ್ಲ ಅಂತಲೇ ಅನ್ನಬೇಕು. ಕೊಯ್ದ ಮೇಲೆ ಮಗುಚಿ ಬಿಸಿಲಿಗಿಡು, ತಾನೇ ಮಾಡ್ಕೊಳ್ಳುತ್ತೆ."

ಕೊಯ್ದ ಮೇಲೂ ಮಾಡಿಕೊಳ್ಳುತ್ತದಂತೆ ಅಕ್ಕ. ರಜೆಯ ದಿನ ಒಂದು ಬುಟ್ಟಿ ತಂದು ತಾರಸಿಯ ಮೇಲೆ ಹರಡಿ ಪಕ್ಕದಲ್ಲೇ ಕುಳಿತೆ. ಇವರು ಬಂದು, "ಯಾರನ್ನ ಒಣಗಿಸ್ತಿದೀಯ, ಅದನ್ನಾ ನಿನ್ನನ್ನಾ?" ಎಂದರು. ಈಗ ದಿನಾ ಮಧ್ಯಾಹ್ನ ಶೆಡ್ಡಿನ ಹೊರಗೆ ಕೂರುತ್ತೇನೆ.

ಹೋದ ವಾರ ಮತ್ತೆ ರಕ್ತ ಕೊಟ್ಟೆ. ಡಿ ಸರಿಯಾಗಿದೆ. ಇವರ ಕಾಲು ನೆಲದ ಮೇಲಿರಲಿಲ್ಲ, ಬೀದಿಯವರಿಗೆಲ್ಲ ಸಿಹಿ ಹಂಚಿ ಬಂದರು.

ಮಕ್ಕಳು ನೂರು ಕಾಲ ಸುಖವಾಗಿರಲಿ ಎಂದು ಚಿಕ್ಕಮ್ಮನ ಆಶೀರ್ವಾದ. ಭಾವನಿಗೆ ನಮಸ್ಕಾರ ತಿಳಿಸು.

ನಿನ್ನ ಬಾಯಿಬಡುಕಿ ತಂಗಿ

ತಾ.ಕ.: ಡಿ ಸರಿಹೋಯಿತು ಅಕ್ಕ, ಮಂಕು ಹೋಗಲಿಲ್ಲ. ಸಿಹಿ ಹಂಚಿ ಬಂದವರ ಮುಖ ನೋಡಿ ಹೇಳಲು ಬಾಯಿ ಬರಲಿಲ್ಲ, ನಕ್ಕುಬಿಟ್ಟೆ. ಅಂದಿನಿಂದ ದಿನವೂ ನಗುತ್ತಿದ್ದೇನೆ, ಸಾಕಾಗಿದೆ. "ಡಿ ಏರಿದ ಮೇಲೂ ಹೀಗೇ ಇದ್ರೆ ಬನ್ನಿ, ಅದಕ್ಕೆ ಬೇರೆ ಚಿಕಿತ್ಸೆ ಇದೆ" ಎಂದು ಡಾಕ್ಟರಮ್ಮ ಮೊದಲೇ ಹೇಳಿದ್ದರು. ಒಂದು ದಿನದ ಮಟ್ಟಿಗೆ ಬಾ. ಆಸ್ಪತ್ರೆಗೆ ನಾನು ನಡೆದೇನು, ಇವರಿಗೆ ಮಾತ್ರ ನೀನೇ ಹೇಳು.