ಸೇತುವೆ ದಾಟಿದ ಮೇಲಿನ ಗಾಳಿ

ಬುಧವಾರ, ಅಂಗಡಿ ಬಾಗಿಲು ತೆಗೆಯುವ ಮುಂಚೆ

ನಮ್ಮ ಡ್ರೈವರ್ ಸಾಹೇಬರಿಗೆ, ಮೊದಲು ಮೀನಖಂಡದ ಕ್ಷೇಮ ವಿಚಾರಿಸಿ, ಆಮೇಲೆ ಬರೆಯುವುದೇನೆಂದರೆ,

ಭಾನುವಾರದ ಮ್ಯಾರಥಾನಿಗೆ ನನಗಾದ ಖರ್ಚನ್ನು ಹೇಳಿಬಿಡುತ್ತೇನೆ. ಕಾಲಿನ ಉಗುರು ಎರಡು. ಒಂದು ಕಪ್ಪಾಗಿದೆ, ಇನ್ನೊಂದು ಕಾಲುಚೀಲದ ಜೊತೆಗೇ ಬಂತು. ಗಂಟಲು ಪೂರ್ತಿ ಹೋಗಿದೆ. ನನ್ನ ಲಾಂಡ್ರಿಯ ಗಿರಾಕಿಗಳಿಗೆ ಇದರಿಂದ ಬಹಳ ಸಂತೋಷ. ಇಸ್ತ್ರಿ ಮಾಡಿದ ಕೋಟಿಗೆ ಹಾಕುವ ದೊಡ್ಡ ಪ್ಲಾಸ್ಟಿಕ್ ಕವರ್ ಒಂದು. ಇಷ್ಟೇ. ಆದರೆ ನಿಮ್ಮ ಬೆನ್ನ ಹಿಂದೆ ನಡೆದದ್ದು ನಿಮಗೆ ಕಾಣಲಿಲ್ಲವಲ್ಲ, ಅದಕ್ಕೇ ಈ ಕಾಗದ. ಫೋನಿನಲ್ಲಿ ಹೇಳಿದರೆ ನೀವು ‘ಹೂಂ’ ಅಂದು ಮುಗಿಸುತ್ತೀರಿ. ಕಾಗದಕ್ಕೆ ಹಾಗೆ ಹೂಂಗುಟ್ಟಲು ಬರುವುದಿಲ್ಲ.

ಓಟಕ್ಕೆ ಹೆಸರು ಕೊಟ್ಟಾಗ ಇಬ್ಬರೂ ಒಂದೇ ಮನೆಯಲ್ಲಿದ್ದೆವು. ಆಮೇಲೆ ನಮ್ಮ ಮಲಗುವ ಕೋಣೆಯ ಕೆಳಗಿನ ಅಂಗಡಿಯಲ್ಲಿ ನಾನು ಬಟ್ಟೆ ಒಗೆಯುವ ದೊಡ್ಡ ಯಂತ್ರ ತಂದಿಟ್ಟೆ. ಅದು ತಿರುಗಿದಾಗಲೆಲ್ಲ ಮೇಲೆ ಮಂಚ ಕುಣಿಯಿತು. ಬೆಳಗಿನ ಮೊದಲ ಬಸ್ಸು ಓಡಿಸುವ ನೀವು, “ನಾಲ್ಕು ದಿನ ಡಿಪೋದಲ್ಲಿ ಮಲಗ್ತೀನಿ” ಅಂತ ದಿಂಬು ಎತ್ತಿಕೊಂಡು ಹೋದಿರಿ. ಆ ನಾಲ್ಕು ದಿನ ಏಳು ತಿಂಗಳಾಯಿತು. ಕರೆಯಲಿ ಅಂತ ನೀವು, ಬರಲಿ ಅಂತ ನಾನು. ಈಗ ಮಗಳು ಹೇಳುತ್ತಾಳೆ, ಬೇರೆ ಊರಿನ ಡಿಪೋಗೆ ವರ್ಗ ಕೇಳಿದ್ದೀರಂತೆ, ಬರುವ ಸೋಮವಾರ ಸಹಿಯಂತೆ.

ಭಾನುವಾರ ಅಂಥ ಹವೆಯಲ್ಲಿ ನೀವು ಬರಲಾರಿರಿ ಅಂದುಕೊಂಡೇ ನಾನು ಬಂದೆ. ಮಳೆ ಮೇಲಿನಿಂದ ಬೀಳುತ್ತಿರಲಿಲ್ಲ, ಎದುರಿನಿಂದ ಬರುತ್ತಿತ್ತು. ಕವರಿಗೆ ತಲೆ ತೂರುವಷ್ಟು ತೂತು ಮಾಡಿ ಹಾಕಿಕೊಂಡಿದ್ದೆ. ನದಿ ಪಕ್ಕದ ರಸ್ತೆಗೆ ಬಂದಾಗ ಗಾಳಿ ನನ್ನನ್ನು ನಿಂತಲ್ಲೇ ಓಡಿಸತೊಡಗಿತು. ಅಂಥ ಹೊತ್ತಿನಲ್ಲಿ ಏನು ಮಾಡಬೇಕೆಂದು ಕಲಿಸಿದವರು ನೀವೇ: ಅಗಲವಾದ ಬೆನ್ನೊಂದನ್ನು ಹುಡುಕಿ ಅದರ ಮರೆಗೆ ಸೇರಿಕೊಳ್ಳಬೇಕು, ಆಮೇಲೆ ಸರದಿ ಮೇಲೆ ತಾವೂ ಮುಂದೆ ಹೋಗಿ ಗಾಳಿ ತಡೆಯಬೇಕು. ಒಂದು ಬೆನ್ನು ಸಿಕ್ಕಿತು. ಮಳೆಯಂಗಿಯ ಟೊಪ್ಪಿಯೊಳಗೆ ತಲೆ ಅಡಗಿತ್ತು. ರಸ್ತೆಯಲ್ಲಿ ನೀರು ನಿಂತ ಗುಂಡಿ ಬಂತು. ಆ ಬೆನ್ನಿನ ಪಕ್ಕದಿಂದ ಒಂದು ಕೈ ಹೊರಗೆ ಚಾಚಿತು. ಬಸ್ಸಿಲ್ಲದೆ ಕಾಲಿನಲ್ಲಿ ಓಡುವಾಗಲೂ ಕೈ ತೋರಿಸಿ ಪಕ್ಕಕ್ಕೆ ಸರಿಯುವ ಗಂಡಸು ಈ ಭೂಮಿಯ ಮೇಲೆ ಒಬ್ಬರೇ.

ಬೇರೆ ಬೆನ್ನು ಹುಡುಕಬಹುದಿತ್ತು. ಅಷ್ಟು ಅಗಲದ್ದು ಇನ್ನೊಂದು ಇರಲಿಲ್ಲ, ಅದಕ್ಕೇ ಅಲ್ಲೇ ಉಳಿದೆ. ಗಾಳಿ ತಡೆಯಲಿ ಅಂತ ಅಷ್ಟೇ, ತಪ್ಪು ತಿಳಿಯಬೇಡಿ. ನನ್ನ ಸರದಿ ಬಂದಾಗ ಮುಂದೆ ಬರಲಿಲ್ಲ, ಅದೂ ನಿಜ. ಬಂದರೆ ಮುಖ ಕಾಣುತ್ತದೆ, ಕಂಡರೆ ಮಾತಾಡಬೇಕು. ಕಳ್ಳ ಬೆಕ್ಕಿನ ಹಾಗೆ ಸದ್ದಿಲ್ಲದೆ ಹಿಂಬಾಲಿಸಿದೆ. ನಾನು ಅಷ್ಟು ಹೊತ್ತು ಬಾಯಿ ಮುಚ್ಚಿಕೊಂಡಿದ್ದು ಮದುವೆಯಾದ ಮೇಲೆ ಅದೇ ಮೊದಲು.

ಸೇತುವೆ ದಾಟಿ ಬಹಳ ದೂರ ಬಂದ ಮೇಲೆ, ಬಾಗಿಲು ಹಾಕಿದ್ದ ಔಷಧಿ ಅಂಗಡಿಯ ಎದುರು ನಿಮ್ಮ ಮೀನಖಂಡ ಹಿಡಿದುಕೊಂಡಿತು. ಆಗಲೂ ಕೈ ತೋರಿಸಿಯೇ ಬದಿಗೆ ನಿಂತಿರಿ, ಪುಣ್ಯಾತ್ಮರೇ! ನಾನು ದಾಟಿ ಹೋಗಿಬಿಡಬಹುದಿತ್ತು. ನಿಂತೆ. ನೀವು ತಿರುಗಿಯೂ ನೋಡದೆ, “ಲೇ ಮಾತಿನಮಲ್ಲಿ, ಆ ಕವರ್ ತೆಗಿ ಮೊದ್ಲು. ನದಿ ಹತ್ರದಿಂದ ಕಿವಿಯಲ್ಲಿ ಒಂದೇ ಸಮ ಚರಪರ ಚರಪರ” ಅಂದಿರಿ.

“ಗೊತ್ತಿದ್ರೆ ಹೇಳೋಕೇನಾಗಿತ್ತು?” ಅಂದೆ.

“ಹಿಂದಿನ ಸೀಟಲ್ಲಿ ಸುಮ್ನೆ ಕೂತೋರನ್ನ ಮಾತಾಡಿಸಬಾರದು. ಇಳಿದು ಹೋದ್ರೆ?”

ನಾನು ಬಗ್ಗಿ ನಿಮ್ಮ ಮೀನಖಂಡ ಒತ್ತಿದೆ. “ಮೆಲ್ಲಗೆ ಮಾರಾಯ್ತಿ, ಇಸ್ತ್ರಿ ಮಾಡ್ತಿದ್ದೀಯೇನು?” ಅಂತ ಕೂಗಿಕೊಂಡಿರಿ.

ಉಳಿದ ದಾರಿಯನ್ನು ಜೊತೆಯಲ್ಲೇ ಕುಂಟಿದೆವು. ನಾವು ತಲುಪುವಾಗ ಓಟ ಮುಗಿಯುವಲ್ಲಿ ಕಟ್ಟಿದ್ದ ಕಮಾನನ್ನು ಬಿಚ್ಚುತ್ತಿದ್ದರು. ಇನ್ನು ಬಾಯಿ ತೆಗೆಯಬೇಕು ಅನ್ನುವಷ್ಟರಲ್ಲಿ ಡಿಪೋ ಕಡೆಯ ಬಸ್ಸು ಬಂತು, ನೀವು ಹತ್ತಿದಿರಿ. ವರ್ಗದ ಮಾತು ನನ್ನ ಬಾಯಲ್ಲೇ ಉಳಿಯಿತು.

ಅಲ್ಲಿ ಹೇಳಬೇಕಾದ್ದನ್ನು ಇಲ್ಲಿ ಹೇಳುತ್ತೇನೆ. ಸಹಿ ಹಾಕಬೇಡಿ. ಯಂತ್ರವನ್ನು ಹಿತ್ತಲಿನ ಶೆಡ್ಡಿಗೆ ಸಾಗಿಸಿ ತಿಂಗಳಾಯಿತು. ಮಂಚ ಈಗ ಅಲುಗುವುದಿಲ್ಲ, ನನಗೇ ನಿದ್ದೆ ಬರುತ್ತಿಲ್ಲ. ಬರುವಾಗ ದಿಂಬು ಮರೆಯಬೇಡಿ, ಅದರ ಜೋಡಿ ಇಲ್ಲಿದೆ.

ಇತಿ,
ಗಂಟಲು ಕಟ್ಟಿದರೂ ಸುಮ್ಮನಿರದ
ನಿಮ್ಮ ಮಾತಿನಮಲ್ಲಿ

ಇನ್ನೊಂದು ಮಾತು: ಗಾಳಿ ತಡೆಯಲು ಅಷ್ಟೇ ಅಂತ ಬರೆದೆನಲ್ಲ, ಅದು ಸೇತುವೆಯವರೆಗೆ ಮಾತ್ರ ನಿಜ. ಸೇತುವೆ ದಾಟಿ ರಸ್ತೆ ಹಿಂದಕ್ಕೆ ತಿರುಗಿದ ಮೇಲೆ ಗಾಳಿ ನಮ್ಮ ಬೆನ್ನಿಗಿತ್ತು. ನಿಮ್ಮನ್ನು ಮುಂದಕ್ಕೆ ತಳ್ಳಬೇಕಾದ ಗಾಳಿಗೆ ನಾನೇ ಅಡ್ಡವಾಗಿ ಓಡುತ್ತಿದ್ದೆ. ನಿಮಗೂ ಅದು ಗೊತ್ತಾಗಿರಬೇಕು. ಆದರೂ ನೀವು ವೇಗ ಹೆಚ್ಚಿಸಲಿಲ್ಲ, ನಾನು ಮುಂದೆ ಹೋಗಲಿಲ್ಲ. ಇನ್ನು ಲಾಭದ ಲೆಕ್ಕ: ಪದಕ ಇಬ್ಬರಿಗೂ ಒಂದೊಂದು. ಕಾಲುನೋವು ನಿಮಗೆ. ಅಷ್ಟು ದೂರವೂ ನೋಡಲು ಒಂದು ಬೆನ್ನು, ಅದು ನನಗೆ.