ಸೀರೆ ತಿರುವಿ ನೋಡಿದ ಡಚ್ ಚಿತ್ರಕಾರ

ಶುಗರ್ ಲ್ಯಾಂಡ್
೧೨ ಮಾರ್ಚ್ ೨೦೧೪

ಪ್ರೀತಿಯ ತಂಗಿ ವಾಣಿಶ್ರೀಗೆ ಕಾಶಕ್ಕನ ಆಶೀರ್ವಾದ.

ಮರ್ಫಿ ಊರಾಗ ಎಲ್ಲಾರೂ ಆರಾಮ ಇದ್ದೀರಿ ಅಂದ್ಕೋತೀನಿ. ನನ್ನ ಫೋನ್ ನೀ ಎತ್ತೂದಿಲ್ಲ, ಅದಕ್ಕ ಈ ಕಾಗದ.

ನಮ್ಮ ಸಂಘದ ಪ್ರದರ್ಶನಕ್ಕ ಹೂಸ್ಟನ್‌ನಿಂದ ಹೆಸ್ಸೆಲ್ ಅನ್ನೋ ಡಚ್ ಮುದುಕ ಬಂದಿದ್ದ. ಚಿತ್ರ ಬರೀತಾನಂತ, ಕಲೆ ಬಗ್ಗೆ ಪತ್ರಿಕೆಗೂ ಬರೀತಾನಂತ. ನನಗ ನೋಡಿದ ಕೂಡ್ಲೇ ಸಂಶಯ. ಚಿತ್ರಕಾರನ ಉಗುರಾಗ ಚೂರರೆ ಬಣ್ಣ ಬ್ಯಾಡೇನ? ನನ್ನ ಕಸೂತಿ ಸೀರಿ ಮುಂದ ಅರ್ಧ ತಾಸು ನಿಂತ. ಸೆರಗು ತಿರುವಿ, ಭೂತಗನ್ನಡಿ ಹಿಡಿದು ನೋಡಿದ. ಹೊಡಕೊಂಡು ಹೋಗಾಕ ಹೊಂಚು ಹಾಕ್ಯಾನ ಅಂದ್ಕೊಂಡೆ.

ಮರುದಿನ ಲೇಖನಕ್ಕಂತ ಮನಿಗೇ ಬಂದ. ಚಹಾ ಕೊಟ್ಟೆ, ಕಣ್ಣು ಮಾತ್ರ ಅವನ ಚೀಲದ ಮ್ಯಾಲಿಟ್ಟಿದ್ದೆ. ಕೇಳದೇ ತನ್ನ ಪುರಾಣ ತೆಗೆದ. ಅವರಪ್ಪ ಹಾರ್ಲೆಮ್ ಊರಾಗ ದೋಣಿ ರಿಪೇರಿ ಮಾಡ್ತಿದ್ದನಂತ. ಇವ ಹದಿನಾರಕ್ಕ ಒಬ್ಬ ಗುರುವಿನ ಹತ್ರ ಸೇರಿದ್ನಂತ. ಆ ಗುರು ಎರಡು ವರ್ಷ ಒಂದೇ ಮಣ್ಣಿನ ಹೂಜಿ ಬರೆಸಿದ. ಬ್ಯಾಸರಾಗಿ ಇವ ಒಮ್ಮೆ ಗೆಳೆಯ ಬರೆದ ಹೂಜಿ ತನ್ನದಂತ ಕೊಟ್ಟ. ಗುರು ಬೈಲಿಲ್ಲ. ನೆರಳಿನ ಗೆರಿ ಎಡಕ್ಕ ವಾಲಿದ್ದು ತೋರಿಸಿ, ಇದನ್ನ ಬರೆದವ ಎಡಚ, ನೀ ಅಲ್ಲ ಅಂದ್ನಂತ. ಅವತ್ತಿಂದ ಕೈ ಓದೂದು ಕಲಿತೆ, ಹಂಗ ಬರಹಗಾರ ಆದೆ ಅಂದ.

ಈ ಕತಿ ನನಗ್ಯಾಕ ಹೇಳಬೇಕಿತ್ತು? ಹೇಳಿ ಮುಗಿಸಿ, ಒಂದು ಮೆಂತಿ ಹೊಲಿಗಿ ಹಾಕಿ ತೋರಿಸ್ರಿ ಅಂದ. ಗುಣಾಕಾರದ ಗುರುತಿನಂಥ ಸಣ್ಣ ಹೊಲಿಗಿ, ಬಲಗೈಲೆ ಹಾಕಿ ತೋರಿಸಿದೆ. ಅದನ್ನ ನೋಡಿದವನೇ, ಸೀರಿ ಹೊಲಿದವರ ಹೆಸರು ನಾಳೆ ಹೇಳ್ರಿ ಅಂದು ಎದ್ದ. ನನ್ನ ಹೆಸರು ಪ್ರದರ್ಶನದ ಫಲಕದ ಮ್ಯಾಲೇ ಇತ್ತಲ್ಲ! ಅವ ಗೂಢಚಾರ, ಬರದು ಇಟ್ಕೋ. ಆದ್ರ ಕುಂಬಳಕಾಯಿ ಕಳ್ಳ ಅಂದ್ರ ನಾ ಯಾಕ ಹೆಗಲು ಮುಟ್ಟಿಕೊಂಡೆ?

ವಾಣಿ, ಎಡಗೈಲೆ ಸೂಜಿ ಹಿಡಿದಿ ಅಂತ ಅವ್ವ ನಿನ್ನ ಗೆಣ್ಣಿಗೆ ಹೊಡೀತಿದ್ಲು. ನಾ ಬಿಡಿಸಲಿಲ್ಲ. ನನ್ನ ಮದುವಿಗಂತ ಹನ್ನೊಂದು ತಿಂಗಳು ಕುಂತು ಅದೇ ಕೈಲೆ ಈ ಸೀರಿ ಹೊಲಿದಿ. ಹೋದ ದೀಪಾವಳಿಗೆ ಡಲ್ಲಾಸ್‌ನಾಗ ಎಲ್ಲಾರೂ ಸೀರಿ ಹೊಗಳಿ, ನೀವೇ ಹೊಲಿದ್ರೇನು ಅಂದಾಗ, ನಿನ್ನ ಮುಂದೇ ನಾ ಹೂಂ ಅಂದೆ. ಅವತ್ತಿಂದ ನೀ ನನ್ನ ಹೊಸ್ತಿಲು ತುಳಿದಿಲ್ಲ. ನಾಚಿಕಿ ಆಗೇತಿ ನನಗ.

ನಿನ್ನ ಅಕ್ಕ,
ಕಾಶವ್ವ

ತಾ.ಕ.: ಇವತ್ತು ಅವಗ ನಿನ್ನ ಹೆಸರು ಕೊಟ್ಟೆ. ತನ್ನ ಲೇಖನದ ಹಾಳಿ ತೋರಿಸಿದ. ಹೊಲಿದವರ ಹೆಸರಿನ ಜಾಗ ಮೊದಲಿಂದಲೂ ಖಾಲಿ ಬಿಟ್ಟಿದ್ದ. ಶನಿವಾರ ನಿನ್ನ ಕೈ ನೋಡಾಕ ಮರ್ಫಿಗೆ ಬರ್ತಾನ. ಅವನ ಡ್ರೈವಿಂಗ್ ಮ್ಯಾಲ ನನಗ ನಂಬಿಕಿಲ್ಲ, ಆದ್ರೂ ಅವನ ಕಾರಿನಾಗ ನಾನೂ ಬರ್ತೀನಿ. ಬಾಗಲಾ ತೆಗೀತಿಯಲ್ಲ?