ಬುಧವಾರದ ಎರಡು ಆನೆಗಳು

ಪಾ-ಆನ್,
೨೬ ಫೆಬ್ರವರಿ ೧೯೯೭

ಮುದ್ದಿನ ಮಗಳು ವಾ ವಾಗೆ,

ಅಮ್ಮನ ಆಶೀರ್ವಾದ. ಹೇಗಿದ್ದೀಯ? ಹೊಲಿಗೆ ಯಂತ್ರದ ಮುಂದೆ ಬಗ್ಗಿ ಕೂತು ಬೆನ್ನು ಕೆಡಿಸಿಕೊಳ್ಳಬೇಡ. ಉತ್ತರ ತಡವಾಯಿತು, ಬೈಯಬೇಕೆನಿಸಿದರೆ ಬೈದುಬಿಡು. ಹುಣ್ಣಿಮೆಗೆ ವಿಹಾರದಲ್ಲಿ ಅಂಟಕ್ಕಿ ಪ್ರಸಾದ ಮಾಡಿದರು. ಗಂಡಸರು ಕಡಾಯಿ ತಿರುವಿದರು, ನಾವು ಹೆಂಗಸರು ಎರಡು ದಿನ ಎಳ್ಳು ಹುರಿದೆವು. ನಿನ್ನ ಪಾಲನ್ನು ಬಾಳೆಲೆಯಲ್ಲಿ ಕಟ್ಟಿ ಬಸ್ಸಿನವನ ಕೈಲಿ ಕೊಟ್ಟಿದ್ದೇನೆ. ಝೇಯಾನಿಗೂ ಕೊಡು, ಒಬ್ಬಳೇ ಮುಗಿಸಬೇಡ.

ತಡವಾದದ್ದಕ್ಕೆ ನಿಜವಾದ ಕಾರಣ ಎಳ್ಳಲ್ಲ, ನಿನ್ನ ಪ್ರಶ್ನೆ. ಬುಧವಾರ ಹುಟ್ಟಿದ ನೀನು ಮಧ್ಯಾಹ್ನಕ್ಕೆ ಮೊದಲು ಹುಟ್ಟಿದ್ದೋ ಆಮೇಲೋ ಎಂದು ಝೇಯಾನ ಮನೆಯ ಜೋಯಿಸರು ಕೇಳುತ್ತಿದ್ದಾರೆ, ಅದು ತಿಳಿಯದೆ ಮದುವೆಯ ದಿನ ಇಡುವುದಿಲ್ಲ ಎಂದು ನೀನು ಬರೆದಿದ್ದೆ. ನೆನಪಿಲ್ಲ ಎಂದು ನಾನು ಹೇಳಿ ಕಳಿಸಿದರೆ, ಹೆತ್ತವಳಿಗೇ ನೆನಪಿಲ್ಲದಿದ್ದರೆ ಇನ್ಯಾರನ್ನು ಕೇಳಲಿ ಎಂದು ನೀನು ಸಿಟ್ಟು ಮಾಡಿದೆ. ಆ ಸಾಲು ಓದಿ ಎರಡು ರಾತ್ರಿ ನಿದ್ದೆ ಬರಲಿಲ್ಲ. ಮೂರನೆಯ ದಿನ ಬೆಟ್ಟಕ್ಕೆ ಹೊರಟೆ.

ಪಕ್ಕದ ಮನೆಯ ಫ್ವಾ ಶಿನ್ ಅತ್ತೆಯೂ ಬಂದಳು. ಬೇಡವೆಂದರೆ ಕೇಳುವ ಜನವೇ ಅವಳು? ಬೆಟ್ಟದ ಬುಡದ ಗವಿಯ ಬಾಯಲ್ಲಿ ಚಪ್ಪಲಿ ಬಿಟ್ಟು ಮೇಣದಬತ್ತಿ ಹಚ್ಚಿಕೊಂಡು ಒಳಗೆ ಹೋದೆವು. ಕಾಲಡಿ ನೀರು, ಕೆಸರು, ಬಾವಲಿ ಹಿಕ್ಕೆ.

"ಮೂವತ್ತು ವರ್ಷದಿಂದ ಬರ್ತಾ ಇದೀವಿ ಖಿನ್ ಸೋ, ಈ ಬಾವಲಿಗಳಿಗೆ ನಮ್ಮನ್ನ ಕಂಡ್ರೆ ಇನ್ನೂ ಮರ್ಯಾದೆ ಇಲ್ಲ ನೋಡು," ಎಂದು ಫ್ವಾ ಶಿನ್ ನನಗೆ ಹೇಳಿ ತಲೆ ಒರೆಸಿಕೊಂಡಳು.

"ಬಾಯಿ ಮುಚ್ಕೊಂಡು ನಡಿ, ಒಳಗೆ ಬಿದ್ದೀತು," ಅಂದೆ.

"ಮದ್ವೆ ಅವಳಿಗೆ, ಮಂಡಿನೋವು ನಮಗೆ," ಎಂದು ಗೊಣಗಿದಳು.

ಗವಿಯ ಆಚೆ ಬದಿಯ ಮೆಟ್ಟಿಲು ನಿನಗೆ ಗೊತ್ತೇ ಇದೆ. ಬಿಸಿಲಿಗೆ ಕಲ್ಲು ಕಾದಿತ್ತು. ಅರ್ಧ ದಾರಿಯಲ್ಲಿ ಫ್ವಾ ಶಿನ್ ನೆರಳು ಹಿಡಿದು ಕೂತುಬಿಟ್ಟಳು. ನನಗೂ ಅದೇ ಬೇಕಿತ್ತು, ಒಬ್ಬಳೇ ಹತ್ತಿದೆ. ಮೇಲೆ ಪಗೋಡದ ಅಂಗಳದಲ್ಲಿ ಕೇಮಾವತಿ ಸಯಾಲೇ ಕಸ ಗುಡಿಸುತ್ತಿದ್ದರು. ಗುಲಾಬಿ ಚೀವರದ ಆ ಸನ್ಯಾಸಿನಿ ನಿನಗೂ ನೆನಪಿರಬೇಕು, ಚಿಕ್ಕವಳಿದ್ದಾಗ ನಿನಗೆ ಬೆಲ್ಲ ಕೊಡುತ್ತಿದ್ದರು. ನೀನು ಬೆಟ್ಟದ ಬುಡದ ಛತ್ರದಲ್ಲಿ ಹುಟ್ಟಿದಾಗ ಅಲ್ಲೇ ಇದ್ದವರು ಅವರು.

"ಒಂದು ಮಾತು ಕೇಳ್ಬೇಕಿತ್ತು ಸಯಾಲೇ. ವಾ ವಾ ಹುಟ್ಟಿದ್ದು ಎಷ್ಟು ಹೊತ್ತಿಗೆ?"

ಅವರು ಪೊರಕೆ ಕೆಳಗಿಟ್ಟರು. ಒಂದು ಕ್ಷಣವೂ ಯೋಚಿಸಲಿಲ್ಲ.

"ಭಿಕ್ಷುಗಳ ಊಟ ಮುಗೀತು ಅಂತ ಬಡಿಯೋ ಮರದ ಹಲಗೆ ಸದ್ದು ನಿಲ್ತು. ಅದಾಗಿ ಒಂದು ವೀಳ್ಯ ಅಗಿಯೋಷ್ಟು ಹೊತ್ತು. ಆಗ ಅತ್ತಳು."

ಭಿಕ್ಷುಗಳು ಮಧ್ಯಾಹ್ನದ ಮೇಲೆ ತುತ್ತು ಮುಟ್ಟುವುದಿಲ್ಲವಲ್ಲ. ಅಂದಮೇಲೆ ನೀನು ಮಧ್ಯಾಹ್ನದವಳು, ಬುಧವಾರದ ಆ ಹೊತ್ತನ್ನು ಆಳುವ ರಾಹುವಿನ ಮಗಳು. ಜೋಯಿಸರಿಗೆ ಧೈರ್ಯವಾಗಿ ಹೇಳು. ಬೇರೆ ವಾರ ಹುಟ್ಟಿದವರಿಗೆಲ್ಲ ಅಂಗಳದಲ್ಲಿ ಒಂದೊಂದೇ ಮೂಲೆ, ನೀರೆರೆಯಲು ಒಂದೊಂದೇ ಪ್ರಾಣಿಯ ಮೂರ್ತಿ. ಬುಧವಾರಕ್ಕೆ ಮಾತ್ರ ಎರಡು, ಬೆಳಗಿನವರಿಗೆ ದಂತದ ಆನೆ, ಮಧ್ಯಾಹ್ನದವರಿಗೆ ದಂತವಿಲ್ಲದ್ದು. ನಾನು ಪ್ರತಿವರ್ಷ ನಿನ್ನ ಹುಟ್ಟುಹಬ್ಬಕ್ಕೆ ಹೋಗಿ ದಂತದ ಆನೆಗೆ ನೀರೆರೆದು ಬರುತ್ತಿದ್ದೆ. ಇಪ್ಪತ್ತಮೂರು ವರ್ಷ ತಪ್ಪು ಆನೆಯನ್ನು ಮೀಯಿಸಿದ್ದೇನೆ, ನಗಬೇಡ.

ಝೇಯಾನ ತಾಯಿಗೆ ನನ್ನ ನಮಸ್ಕಾರ ತಿಳಿಸು. ನಿನ್ನ ಸಂಸಾರ ತಂಪಾಗಿರಲಿ, ಕೈ ಹಿಡಿದವನು ನಿನ್ನ ಮಾತಿಗೆ ಕಿವಿ ಕೊಡುವವನಾಗಲಿ.

ನಿನ್ನ ಅಮ್ಮ,
ಖಿನ್ ಸೋ

ಮರೆತ ಮಾತು: ಮರೆತದ್ದಲ್ಲ ಮಗಳೇ, ಬರೆಯಲು ಕೈ ಬರಲಿಲ್ಲ. ಆ ಹೊತ್ತು ನನಗೆ ನೆನಪಿಲ್ಲ ಅಂದದ್ದು ಸುಳ್ಳು. ನನಗೆ ಗೊತ್ತೇ ಇರಲಿಲ್ಲ. ನಿನ್ನನ್ನು ಹೆತ್ತವರು ಕೇಮಾವತಿ ಸಯಾಲೇ. ಗಂಡ ಸತ್ತು, ನೆಲೆಯಿಲ್ಲದೆ ಛತ್ರಕ್ಕೆ ಬಂದಿದ್ದರು. ಮೂರು ದಿನದ ನಿನ್ನನ್ನು, ಮಕ್ಕಳಿಲ್ಲದ ನನ್ನ ಮಡಿಲಿಗೆ ಹಾಕಿ, ತಲೆ ಬೋಳಿಸಿಕೊಂಡು ಬೆಟ್ಟ ಹತ್ತಿದರು. ಹುಟ್ಟಿದ ಹೊತ್ತು ಕೇಳಿದರೆ ಎಲ್ಲಿ ನಿನ್ನನ್ನೇ ವಾಪಸ್ ಕೇಳಿಯಾರೋ ಎಂಬ ಭಯಕ್ಕೆ ನಾನು ಒಮ್ಮೆಯೂ ಬಾಯಿ ಬಿಡಲಿಲ್ಲ. ಬೆಳಗ್ಗೆ ಎಂದು ನಾನೇ ಅಂದುಕೊಂಡೆ.

"ತಪ್ಪು ಆನೆಗೆ ಎರೀತಿದ್ದೆ, ಒಂದ್ಸಲ ಹೇಳಬಾರದಿತ್ತಾ?" ಎಂದು ಮೊನ್ನೆ ಕೇಳಿದೆ.

"ನೀವು ಇಳಿದು ಹೋದ್ಮೇಲೆ ನಾನು ಇನ್ನೊಂದಕ್ಕೆ ಎರೀತಿದ್ದೆ. ಮಗೂಗೆ ಏನೂ ಕಮ್ಮಿ ಆಗಿಲ್ಲ ಬಿಡಿ," ಅಂದರು.

ಮದುವೆಗೆ ಮುಂಚೆ ಒಮ್ಮೆ ಬಾ. ಗವಿ ದಾಟಿ ನೀನೊಬ್ಬಳೇ ಹತ್ತು, ನಾನು ಕೆಳಗೆ ಕೂತಿರುತ್ತೇನೆ. ನೀವಿಬ್ಬರೂ ಎಷ್ಟು ಹೊತ್ತು ಮಾತಾಡಿದರೂ ನನಗೆ ಅವಸರವಿಲ್ಲ. ಇಳಿದು ಬಂದ ಮೇಲೆ ನನ್ನನ್ನು ಏನೆಂದು ಕರೆಯುತ್ತೀಯೋ, ಅದೊಂದನ್ನು ಮಾತ್ರ ಬರುವ ಮೊದಲೇ ಬರೆದು ತಿಳಿಸು.